ಅರವತ್ತಮೂರು ಬೆಂಡು

ಬೂಟು ಕಚ್ಚುತ್ತಿತ್ತು. ಆರು ತಿಂಗಳಾದರೂ ಹೋಯ್-ಯಿನ್‌ಳ ಕಾಲಿಗೆ ಅದು ಒಗ್ಗಿರಲಿಲ್ಲ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದು, ಈಗ ಚರ್ಮ ದಡ್ಡುಗಟ್ಟಿತ್ತು. ಹುಟ್ಟಿದಾಗಿನಿಂದ ಹದಿನಾಲ್ಕು ವರ್ಷ ದೋಣಿಯ ಹಲಗೆಯ ಮೇಲೆ ಬರಿಗಾಲಲ್ಲಿ ಓಡಾಡಿದ ಕಾಲು ಅದು. ಬೆರಳುಗಳು ಅಗಲವಾಗಿ ಬಿರಿದುಕೊಂಡಿದ್ದವು. ಆ ಕಾಲನ್ನು ನೋಡಿದರೆ ಸಾಕು, ಇವಳು ನೀರಿನವಳು, ನೆಲದವರು ಕೀಳಾಗಿ ಕಾಣುವ ದೋಣಿ ಜನದವಳು ಎಂದು ಹಾಂಗ್‌ಕಾಂಗಿನ ಯಾವ ಅಂಗಡಿಯವನಾದರೂ ಹೇಳಿಬಿಡುತ್ತಿದ್ದ. ಅದಕ್ಕೇ ಅವಳು ಮೇಜಿನ ಕೆಳಗೂ ಬೂಟು ಬಿಚ್ಚುತ್ತಿರಲಿಲ್ಲ.

ಹಾಮ್‌ವಾನ್ ಬಂದರಿನ ನೋಂದಣಿ ಕಚೇರಿಯಲ್ಲಿ ಅವಳು ಮಿಸ್ ಲುಯಿ. ತಾತ್ಕಾಲಿಕ ದುಭಾಷಿ, ಎರಡನೇ ದರ್ಜೆ. ಲುಯಿ ಅವಳ ಮನೆತನದ ಹೆಸರಲ್ಲ, ಮಿಷನ್ ಶಾಲೆಯ ಟೀಚರಮ್ಮನದು. ಅವರ ಮನೆಯಲ್ಲಿ ಪಾತ್ರೆ ತೊಳೆದು, ಬಟ್ಟೆ ಒಗೆದು ಅವಳು ಇಂಗ್ಲಿಷ್ ಕಲಿತಳು. ಅರ್ಜಿಯಲ್ಲಿ ವಿಳಾಸವೂ ಅವರದೇ. ತಂದೆ ಎಂದಿದ್ದ ಕಡೆ ‘ಇಲ್ಲ’ ಎಂದು ಬರೆದಳು. ಅದು ನಿಜ. ತಾಯಿ ಎಂದಿದ್ದ ಕಡೆಯೂ ‘ಇಲ್ಲ’ ಎಂದು ಬರೆದಳು.

ತಾಯಿ ಇದ್ದಳು. ಕಚೇರಿಯ ಕಿಟಕಿಯಿಂದ ಕಾಣುವಷ್ಟು ದೂರದಲ್ಲೇ ಇದ್ದಳು. ಕೊಲ್ಲಿಯ ದೋಣಿಗಳ ಸಾಲಿನಲ್ಲಿ ಕೊನೆಯದು, ಚಾಪೆಯ ಸೂರಿನದು, ಸೂಲಗಿತ್ತಿ ಶೆಕ್ ಅಜ್ಜಿಯದು. ಕೊಲ್ಲಿಗೆಲ್ಲ ಅಜ್ಜಿಯಾದ ಅವಳೇ ಹೋಯ್-ಯಿನ್‌ಳ ಅವ್ವ.

ಕಳೆದ ಮಾರ್ಚಿನಲ್ಲಿ ನೇಮಕದ ಗೆಜೆಟ್ಟು ಬಂದಾಗ ಹೋಯ್-ಯಿನ್ ಒಂದು ಹಾಳೆ ತೆಗೆದುಕೊಂಡು ಸಂಜೆ ದೋಣಿಗೆ ಹೋಗಿದ್ದಳು. ಅವ್ವ ಕೈ ತೊಳೆದುಕೊಂಡು, ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ತಲೆಕೆಳಗಾಗಿ ಹಿಡಿದಳು.

“ಯಾವ್ದು ಮಗಾ ನಿನ್ ಹೆಸ್ರು?”

ಹೋಯ್-ಯಿನ್ ಹಾಳೆ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಅವ್ವ ಅದರ ಕೆಳಗೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟಳು. ಊಟಕ್ಕೇ ಗೆಣಸು ಬೇಯಿಸುತ್ತಿದ್ದ ಕಾಲ. ಆದರೂ ಅಕ್ಕಿಯ ಡಬ್ಬಿ ಕೆರೆದು, ಒಂದು ಚಮಚ ಗಂಜಿ ಮಾಡಿ, ಅದನ್ನೇ ಅಂಟಾಗಿ ಬಳಿದು ಸಮುದ್ರದೇವಿ ತಿನ್‌ಹೌಳ ಗೂಡಿನ ಪಕ್ಕ ಹಾಳೆ ಅಂಟಿಸಿದಳು. ಪಕ್ಕದ ದೋಣಿಯವರನ್ನೆಲ್ಲ ಕರೆದು ತೋರಿಸಿದಳು.

“ಸರ್ಕಾರದೋರು ಅಚ್ಚು ಹಾಕಿದ್ದಾರೆ ಕಣ್ರೇ. ನನ್ ಮಗಳ್ನ!”

ಆ ಹಾಳೆಯ ಮೇಲರ್ಧದಲ್ಲಿ ನೇಮಕಗಳಿದ್ದವು. ಕೆಳಗಿನರ್ಧದಲ್ಲಿ ಯುದ್ಧ ಮುಗಿದ ಮೇಲಿನ ಹೊಸ ಕಟ್ಟಳೆಗಳು. ಜಪಾನಿಯರಿದ್ದ ಮೂರು ವರ್ಷ ಎಂಟು ತಿಂಗಳಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ಬರೆಸಬೇಕು. ಬರೆಸದ ಮಗುವಿಗೆ ಅಕ್ಕಿ ಕಾರ್ಡಿಲ್ಲ. ಬರೆಸಲು ಡಾಕ್ಟರೋ ಲೈಸನ್ಸಿರುವ ಸೂಲಗಿತ್ತಿಯೋ ಸಾಕ್ಷಿ ಹೇಳಬೇಕು. ಲೈಸನ್ಸಿಲ್ಲದೆ ಹೆರಿಗೆ ಮಾಡಿಸಿದವರಿಗೆ ಶಿಕ್ಷೆ.

ಹೋಯ್-ಯಿನ್ ಅದನ್ನು ಓದಿದ್ದಳು. ದೋಣಿ ಹತ್ತುವ ಮೊದಲೇ ಓದಿದ್ದಳು. ಲೈಸನ್ಸಿನ ಯಾವ ಸೂಲಗಿತ್ತಿಯೂ ಯಾವತ್ತೂ ದೋಣಿಗೆ ಕಾಲಿಟ್ಟಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅವ್ವನ ಮುಖದಲ್ಲಿ ಅಂಥ ನಗು ಇತ್ತು. ಅದನ್ನು ನೋಡಿ ಹೋಯ್-ಯಿನ್ ಕಟ್ಟಳೆಯ ಮಾತೆತ್ತಲಿಲ್ಲ. ಅದಾದ ಮೇಲೆ ದಿನ ದಿನ ಕಳೆದಂತೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ದೋಣಿಯ ಹೆಂಗಸರು ಕಚೇರಿಗೆ ಬರತೊಡಗಿದರು. ಬೆನ್ನಿಗೆ ಮಗು, ಮಗುವಿನ ಬೆನ್ನಿಗೆ ಬೆಂಡು. ನೀರಿನ ಮೇಲೆ ಹುಟ್ಟಿದ ಮಗುವಿಗೆ ತಿಂಗಳು ತುಂಬಿದಾಗ ಸೂಲಗಿತ್ತಿ ಹಗುರ ಮರದ ಬೆಂಡೊಂದನ್ನು ಕೆತ್ತಿ ಕೊಡುತ್ತಾಳೆ. ಅದರ ಮೇಲೆ ಗೀರು ಹಾಕುತ್ತಾಳೆ. ಎಷ್ಟನೇ ತಿಂಗಳು, ಉಬ್ಬರವೋ ಇಳಿತವೋ, ಯಾವ ದೋಣಿ. ಮಗು ಅಂಬೆಗಾಲಿಟ್ಟ ದಿನದಿಂದ ಅದನ್ನು ಬೆನ್ನಿಗೆ ಕಟ್ಟುತ್ತಾರೆ. ನೀರಿಗೆ ಬಿದ್ದರೆ ತೇಲಲಿ ಎಂದು. ಈಜು ಬರುವ ತನಕ ಬಿಚ್ಚುವುದಿಲ್ಲ. ಕೊಲ್ಲಿಯಲ್ಲಿ ಯಾರನ್ನಾದರೂ ಕೇಳಿ, ಬೆಂಡು ಕಟ್ಟಿದವಳೇ ಆ ಮಗುವಿನ ಸೂಲಗಿತ್ತಿ. ಹೊಕ್ಕುಳಬಳ್ಳಿ ಕೊಯ್ದವರು ಯಾರಾದರೂ ಆಗಿರಲಿ.

ಕಚೇರಿಯ ಫಾರಮ್ಮಿನಲ್ಲಿ ಒಂದು ಸಾಲಿತ್ತು. ‘ಹೆರಿಗೆ ಮಾಡಿಸಿದವರು.’

ಮೊದಲು ಬಂದವಳು ಫಾಂಗ್-ತಾಯ್. ಪಕ್ಕದ ದೋಣಿಯವಳು. ಹೋಯ್-ಯಿನ್‌ಳನ್ನು ಗುರುತು ಹಿಡಿದರೂ ಹಿಡಿಯದವಳಂತೆ ನಿಂತಳು. ಶೆಕ್ ಅಜ್ಜಿ ಎಲ್ಲರಿಗೂ ತಾಕೀತು ಮಾಡಿದ್ದಳು. ಕಚೇರಿಯಲ್ಲಿ ಯಾರೂ ನನ್ನ ಮಗಳ ಹೆಸರು ಹಿಡಿದು ಕರೆಯಬೇಡಿ, ಅವಳ ಹೊಟ್ಟೆಪಾಡು ಹಾಳಾದೀತು.

“ಹೆರಿಗೆ ಮಾಡ್ಸಿದ್ದು ಯಾರು?”

“ಶೆಕ್ ಅಜ್ಜಿ. ಇನ್ಯಾರ್ ಮಾಡ್ತಾರೆ ನಮಗೆ?”

ಸುಳ್ಳು. ಫಾಂಗ್-ತಾಯ್ ಹೆತ್ತದ್ದು ನಡುಗಡಲಲ್ಲಿ, ಜಪಾನಿಯರ ಗಸ್ತು ದೋಣಿ ಬೆನ್ನಟ್ಟಿದ್ದಾಗ, ಒಬ್ಬಳೇ. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದಿದ್ದಳು. ಸಿಂಪಿ ಬಿಡಿಸುವ ಚೂರಿಯಲ್ಲಿ ಬಳ್ಳಿ ಕೊಯ್ದುಕೊಂಡಳು. ಅಜ್ಜಿ ತಿಂಗಳಾದ ಮೇಲೆ ಬೆಂಡು ಕಟ್ಟಿದ್ದಳು, ಅಷ್ಟೇ. ಹೋಯ್-ಯಿನ್‌ಗೆ ಅದೆಲ್ಲ ಗೊತ್ತಿತ್ತು. ಕೈ ‘ಶೆಕ್’ ಎಂದು ಬರೆಯಿತು.

ಫಾಂಗ್-ತಾಯ್ ಮುಂದೆ ಬಾಗಿ ಪಿಸುಗುಟ್ಟಿದಳು. “ಜಾಸ್ತಿ ಜನ ಅಜ್ಜಿ ಹೆಸ್ರು ಹೇಳಿದ್ರೆ ಅಜ್ಜೀನೂ ಸರ್ಕಾರದೋರು ನೇಮಕ ಮಾಡ್ಕೋತಾರಂತೆ, ಹೌದಾ? ನಿನ್ ತರಾನೇ ಪೇಪರ್ನಲ್ಲಿ ಬರತ್ತಂತೆ?”

“ಮುಂದಿನವರು ಬನ್ನಿ,” ಎಂದಳು ಹೋಯ್-ಯಿನ್.

ಆ ಮಾತು ಕೊಲ್ಲಿಯಲ್ಲೆಲ್ಲ ಹರಡಿತ್ತು. ಒಬ್ಬೊಬ್ಬಳೂ ಸಂಭ್ರಮದಿಂದ ಬಂದು ಅಜ್ಜಿಯ ಹೆಸರು ಹೇಳಿ ಹೋದಳು. ತಾನೇ ಹೆತ್ತುಕೊಂಡವಳು, ಅತ್ತೆ ಹೆರಿಸಿದವಳು, ಎಲ್ಲರೂ. ಹೋಯ್-ಯಿನ್ ಬರೆದಳು. ಒಬ್ಬಳಿಗೂ ‘ಬೇಡ, ಆ ಹೆಸರು ಹೇಳಬೇಡ’ ಎನ್ನಲಿಲ್ಲ. ಎದುರು ಮೇಜಿನಲ್ಲಿ ಹೆಡ್ ಗುಮಾಸ್ತ ಯಿಪ್ ಕೂತಿರುತ್ತಿದ್ದ. ಅವನ ಕಿವಿ ಚುರುಕು. ಅವಳ ಕೆಲಸ ಇನ್ನೂ ತಾತ್ಕಾಲಿಕ.

ಫಾರಮ್ಮುಗಳೆಲ್ಲ ವಾಪಸು ಬಂದವು. ಪ್ರತಿಯೊಂದರ ಮೇಲೂ ಕೆಂಪು ಸೀಲು. ‘ಸಾಕ್ಷಿ ಒಪ್ಪತಕ್ಕದ್ದಲ್ಲ.’ ಆದರೆ ಯಿಪ್ ಆ ಮಕ್ಕಳ ಹೆಸರುಗಳನ್ನು ಬೇರೊಂದು ಹಾಳೆಗೆ ಇಳಿಸಿಕೊಂಡಿದ್ದ. ಒಂದರ ಕೆಳಗೆ ಒಂದು, ಮುದ್ದಾದ ಅಕ್ಷರದಲ್ಲಿ. ಅರವತ್ತಮೂರು ಹೆಸರು. ಮೇಲೆ ತಲೆಬರಹ ‘ಅಪರಾಧಗಳು’.

ಸೆಪ್ಟೆಂಬರಿನ ಕೊನೆಯ ವಾರ ಅವ್ವನಿಗೆ ಸಮನ್ಸು ಹೋಯಿತು.

ಅವ್ವ ಬಂದಾಗ ಹತ್ತು ಗಂಟೆ. ಕಪ್ಪು ಅಂಗಿ, ಒಗೆದೊಗೆದು ಬೂದಿಬಣ್ಣಕ್ಕೆ ತಿರುಗಿದ್ದು. ತಲೆಗೆ ಎಣ್ಣೆ ಹಚ್ಚಿ ತುರುಬು ಕಟ್ಟಿದ್ದಳು. ಬರಿಗಾಲು. ಹಿಂದೆ ಇಪ್ಪತ್ತು ಇಪ್ಪತ್ತೈದು ಹೆಂಗಸರು, ಮಕ್ಕಳು. ಅಜ್ಜಿಯ ನೇಮಕ ನೋಡಲು ಬಂದವರು.

“ಏಯ್, ಏಯ್, ಉಪ್ಪುನೀರಿನೋರೇ, ಎಲ್ಲಾ ಒಟ್ಟಿಗೆ ನುಗ್ಗಬೇಡಿ!” ಯಿಪ್ ಕೂಗಿದ. “ಮೀನ್ ಮಾರ್ಕೆಟ್ಟು ಅನ್ಕೊಂಡ್ರಾ? ನೀನು, ಮುದುಕಿ, ನಿಲ್ಲಲ್ಲೇ. ಈಗ ತಾನೇ ನೆಲ ಒರ್ಸಿದ್ದಾರೆ.”

ಅವನು ಹಳೆಯ ಪತ್ರಿಕೆಯ ಹಾಳೆಯೊಂದನ್ನು ನೆಲದ ಮೇಲೆ ಎಸೆದ.

“ಇದ್ರ ಮೇಲ್ ನಿಂತ್ಕೋ. ಆಚೆ ಈಚೆ ಕಾಲಿಡಬೇಡ.”

ಅವ್ವ ಹಾಳೆಯ ಮೇಲೆ ನಿಂತಳು. ಎರಡು ಕಾಲನ್ನೂ ಜೋಡಿಸಿ, ಅಂಚು ಮೀರದಂತೆ ನಿಂತಳು. ಎಷ್ಟೋ ಬಿರುಗಾಳಿಯಲ್ಲಿ ದೋಣಿಯ ತುದಿಯಲ್ಲಿ ನಿಂತ ಕಾಲು. ಹೋಯ್-ಯಿನ್ ತನ್ನ ಬೂಟಿನೊಳಗೆ ಬೆರಳು ಮಡಚಿಕೊಂಡಳು.

ಕಚೇರಿಯ ಬಿಳಿಯ ಅಧಿಕಾರಿ ಪ್ರೆಂಟಿಸ್ ದೊರೆ ಒಳಗಿನಿಂದ ಬಂದ. ಅವನೂ ಹೊಸದಾಗಿ ನೇಮಕವಾದವನೇ, ಅದೇ ಗೆಜೆಟ್ಟಿನ ಅದೇ ಹಾಳೆಯಲ್ಲಿ, ಅವಳ ಹೆಸರಿಗಿಂತ ಬಹಳ ಮೇಲೆ. ಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿದ್ದವನು. ಕಾಲರಿನೊಳಗೆ ಕುತ್ತಿಗೆ ಇನ್ನೂ ಸಡಿಲವಾಗಿ ತೂಗುತ್ತಿತ್ತು. ಅವನು ಎಂದೂ ದನಿ ಎತ್ತುತ್ತಿರಲಿಲ್ಲ.

“ಮಿಸ್ ಲುಯಿ, ಪಟ್ಟಿ ಓದಿ. ಒಂದೊಂದನ್ನೂ ಒಪ್ಪುತ್ತಾಳೋ ಕೇಳಿ.”

ಅವ್ವ ಮಗಳ ಕಡೆ ನೋಡಿದಳು. ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದಳು. ತಲೆ ಬಗ್ಗಿಸಿ ನಮಸ್ಕರಿಸಿದಳು.

“ನಮಸ್ಕಾರ ತಾಯಿ. ನಾನು ಓದಿಲ್ದೋಳು. ನೀವು ಒಸಿ ನಿಧಾನಕ್ಕೆ ಹೇಳಿ.”

ಹೋಯ್-ಯಿನ್ ಪಟ್ಟಿಯನ್ನು ಕೈಗೆತ್ತಿಕೊಂಡಳು. ಅವ್ವ ತನಗೆ ‘ತಾಯಿ’ ಎಂದಳು. ನೀವು ಎಂದಳು. ಇದನ್ನು ದಾರಿಯಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳೋ.

ಅವಳು ಓದತೊಡಗಿದಳು.

“ಲೈ ಮನೆಯ ಎರಡನೇ ಮಗು.”

“ಹೌದು. ಕಾಲು ಮುಂದಾಗಿ ಬಂತು. ಬೆಳಗಾಗೋವರ್ಗೂ ಒದ್ದಾಡ್ದೆ. ಅಗೋ, ಅಲ್ಲಿ ಮೂಗು ಸುರಿಸ್ತಾ ನಿಂತಿದೆ ನೋಡಿ.”

ಹೆಂಗಸರು ನಕ್ಕರು.

“ಚೆಂಗ್ ಮನೆಯ ಹೆಣ್ಣು.”

“ಹೌದು. ಅದು ಉಳೀಲಿಲ್ಲ. ತಾಯಿಗೆ ಹಾಲಿರ್ಲಿಲ್ಲ. ಅದ್ರ ಬೆಂಡು ನನ್ ಹತ್ರಾನೇ ಇದೆ.”

ಯಾರೂ ನಗಲಿಲ್ಲ. ಯಿಪ್ ಒಂದೊಂದು ಹೌದಿಗೂ ಒಂದೊಂದು ಗುರುತು ಹಾಕುತ್ತಿದ್ದ. ಫಾಂಗ್-ತಾಯಿಯ ಮಗುವಿನ ಹೆಸರು ಬಂದಾಗ ಹೋಯ್-ಯಿನ್ ತಡೆದಳು. ಕಾಗದದಿಂದ ಕಣ್ಣೆತ್ತದೆ, ನೀರಿನವರ ಮಾತಿನಲ್ಲಿ, ತುಟಿ ಅಲ್ಲಾಡದ ಹಾಗೆ ಹೇಳಿದಳು.

“ಇದು ನೀನ್ ಮಾಡ್ಸಿದ್ದಲ್ಲ. ಅಲ್ಲ ಅನ್ನು. ಇಂಥವು ಹತ್ತೊಂಬತ್ತಿವೆ, ಎಲ್ಲಾದಕ್ಕೂ ಅಲ್ಲ ಅನ್ನು. ಇದು ನೇಮಕ ಅಲ್ಲ. ನಿನ್ನ ಜೈಲಿಗೆ ಹಾಕೋ ಪಟ್ಟಿ.”

ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು. ಅವ್ವ ಹಿಂದೆ ನಿಂತ ಹೆಂಗಸರ ಕಡೆ ನೋಡಿದಳು. ಫಾಂಗ್-ತಾಯಿಯ ಮಗು ಬೆಂಡು ಕಟ್ಟಿಕೊಂಡು ಬೆಂಚಿನ ಮೇಲೆ ಬೋರಲು ಮಲಗಿತ್ತು.

“ಬೆಂಡು ಕಟ್ಟಿದೋಳು ನಾನು,” ಎಂದಳು. “ನಂದೇ. ಓದಿ ತಾಯಿ.”

ಅರವತ್ತಮೂರೂ ಮುಗಿಯಿತು. ಅರವತ್ತಮೂರಕ್ಕೂ ಹೌದು ಎಂದಳು.

ಪ್ರೆಂಟಿಸ್ ಹೇಳಿದ. ಎಲ್ಲವನ್ನೂ ಒಪ್ಪಿ, ಇನ್ನು ಮುಂದೆ ಹೆರಿಗೆಗೆ ಕೈ ಹಾಕುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿದರೆ ಆರು ವಾರ ಜೈಲು. ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು, ಮೂರು ತಿಂಗಳಿಗೆ ಕಡಿಮೆ ಇಲ್ಲ. ಹೋಯ್-ಯಿನ್ ಅದನ್ನು ಹಾಗೇ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ “ಅಯ್ಯೋ” ಎಂದರು. ಫಾಂಗ್-ತಾಯ್ ಬಾಯಿಗೆ ಅಂಗಿಯ ತೋಳು ತುರುಕಿಕೊಂಡಳು.

ಯಿಪ್ ಅವ್ವನ ಕೈ ಹಿಡಿದೆಳೆದು ಹೆಬ್ಬೆರಳನ್ನು ಮಸಿಯ ದಿಂಬಿನ ಮೇಲೆ ಒತ್ತಿದ. ಆ ಬೆರಳು ಎಷ್ಟು ತಲೆಗಳನ್ನು ತಿರುಗಿಸಿ ಹೊರಗೆ ತಂದಿತ್ತು. ಉಗುರು ಸವೆದು ಅರ್ಧವಾಗಿತ್ತು. ಈಗ ಕಪ್ಪಾಯಿತು.

“ಒಂದ್ ಮಾತು,” ಎಂದಳು ಅವ್ವ. “ಇದ್ಕೆ ಒತ್ತಿದ್ರೆ ಈ ಮಕ್ಕಳ ಹೆಸ್ರು ದೊಡ್ ಪುಸ್ತಕಕ್ಕೆ ಬರ್ಕೋತಾರಾ? ಅಕ್ಕಿ ಕಾರ್ಡು ಸಿಗತ್ತಾ?”

ಹೋಯ್-ಯಿನ್ ಕೇಳಿದಳು. ಪ್ರೆಂಟಿಸ್ ತಲೆ ಅಲ್ಲಾಡಿಸಿದ. ಅದು ಬೇರೆ ಕಟ್ಟಳೆ. ಒಪ್ಪತಕ್ಕ ಸಾಕ್ಷಿ ಇಲ್ಲ. ಆ ಮಕ್ಕಳು ಹುಟ್ಟಿದ್ದಕ್ಕೆ ದಾಖಲೆ ಇಲ್ಲ.

ಅವ್ವ ಆ ಉತ್ತರವನ್ನು ಕೇಳಿದಳು. ಪತ್ರಿಕೆಯ ಹಾಳೆಯ ಮೇಲೆ ಕಾಲು ಊರಿ ನಿಂತಳು.

“ದೊರೆಗೆ ಕೇಳಿ ತಾಯಿ. ಈ ಮಕ್ಕಳು ಹುಟ್ಟೇ ಇಲ್ಲ ಅಂದ್ರೆ ನಾನ್ ಯಾರ್ದು ಹೆರಿಗೆ ಮಾಡ್ಸಿದ್ದು? ನನ್ ಜೈಲಿಗೆ ಹಾಕೋಕೆ ಅರವತ್ತಮೂರು ಮಕ್ಕಳಿದ್ದಾರೆ. ಅಕ್ಕಿ ಕೊಡೋಕೆ ಒಂದೂ ಇಲ್ವಾ? ನನ್ ಮಾತು ಆ ಪಟ್ಟಿಗೆ ನಿಜ, ಈ ಪುಸ್ತಕಕ್ಕೆ ಸುಳ್ಳಾ? ಮೊದ್ಲು ಪುಸ್ತಕದಲ್ಲಿ ಬರೀಲಿ. ಅರವತ್ತಮೂರೂ ಬರೀಲಿ. ಸತ್ತೋವೂ ಬರೀಲಿ. ಆಮೇಲೆ ಹತ್ತು ಬೆರಳೂ ಒತ್ತೀನಿ.”

ಪ್ರೆಂಟಿಸ್ ಹೋಯ್-ಯಿನ್‌ಳ ಕಡೆ ತಿರುಗಿದ. ಯಿಪ್ ತಿರುಗಿದ. ಹೆಂಗಸರು ಉಸಿರು ಬಿಗಿಹಿಡಿದಿದ್ದರು.

ಅವಳು ಬಾಯಿ ತೆರೆದಳು. ಅವಳಿಗೆ ಆ ಕ್ಷಣದಲ್ಲಿ ಮೂರು ತಿಂಗಳು ಕಂಡಿತು, ಅವ್ವನ ಸೊಂಟನೋವು ಕಂಡಿತು. ಅದು ನಿಜ. ತನ್ನ ಕುರ್ಚಿ ಕಂಡಿತು, ಬೂಟು ಕಂಡಿತು. ಅದೂ ನಿಜ. ಇಂಗ್ಲಿಷಿನಲ್ಲಿ ಹೇಳಿದಳು.

“ವಯಸ್ಸಾದವಳು ಸರ್. ತಿಳುವಳಿಕೆ ಇಲ್ಲ. ಕ್ಷಮೆ ಕೇಳುತ್ತಿದ್ದಾಳೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲವಂತೆ.”

ಪ್ರೆಂಟಿಸ್‌ನ ಮುಖ ಸಡಿಲವಾಯಿತು. ಅವನು ಮುಗುಳ್ನಕ್ಕ. ಒಳ್ಳೆಯದು, ಒಳ್ಳೆಯದು ಎಂದ. ಕಾಗದ ಮುಂದೆ ತಳ್ಳಿದ.

ಅವ್ವ ಆ ನಗುವನ್ನು ನೋಡಿದಳು. ಮಗಳನ್ನು ನೋಡಿದಳು.

“ನಾನ್ ಅಷ್ಟುದ್ದ ಹೇಳ್ದೆ,” ಎಂದಳು. “ನೀನು ಇಷ್ಟೇ ಹೇಳ್ದೆ.”

ನೀನು ಎಂದಿದ್ದಳು. ಯಿಪ್ ತಲೆ ಎತ್ತಿದ.

“ನಾನು ನಗೋ ಅಂಥಾದ್ದೇನೂ ಹೇಳ್ಲಿಲ್ಲ. ಅವ್ನು ನಗ್ತಿದ್ದಾನೆ. ಏನ್ ಹೇಳ್ದೆ ಯಿನ್? ನನ್ ಬಾಯಿಗೆ ಏನ್ ತುಂಬ್ದೆ?”

ಅವ್ವ ಮಸಿ ಹತ್ತಿದ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿದಳು. ಯಿಪ್ ಮುಷ್ಟಿ ಬಿಡಿಸಲು ನೋಡಿದ. ಹುಟ್ಟು ಹಾಕುವ ಕೈ, ಹಗ್ಗ ಎಳೆಯುವ ಕೈ, ಅವನಿಂದ ಬಿಡಿಸಲಾಗಲಿಲ್ಲ.

“ಒತ್ತಲ್ಲ,” ಎಂದಳು ಅವ್ವ. “ಹೋಗ್ಲಿ ಮೂರ್ ತಿಂಗಳು. ಒತ್ತಲ್ಲ.”

ಹೋಯ್-ಯಿನ್ ಎದ್ದು ನಿಂತಳು. ಎರಡು ಸಲ ಕೆಮ್ಮಿದಳು.

“ಸರ್, ನಾನು ಹೇಳಿದ್ದು ಸುಳ್ಳು. ಅವಳು ಕ್ಷಮೆ ಕೇಳಲಿಲ್ಲ.”

ಆಮೇಲೆ ಅವ್ವ ಹೇಳಿದ್ದನ್ನೆಲ್ಲ ಹೇಳಿದಳು. ಒಂದು ಮಾತೂ ಬಿಡಲಿಲ್ಲ. ಹತ್ತು ಬೆರಳು ಎನ್ನುವುದನ್ನೂ ಹೇಳಿದಳು. ಪ್ರೆಂಟಿಸ್‌ನ ನಗು ಹೋಯಿತು. ಅವನು ಕನ್ನಡಕ ತೆಗೆದು ಒರೆಸಿದ.

“ಎರಡೂ ಬೇರೆ ಬೇರೆ ಕಟ್ಟಳೆಗಳು, ಮಿಸ್ ಲುಯಿ. ನಾನು ಬರೆದದ್ದಲ್ಲ. ಹಸಿವು ಏನೆಂದು ನನಗೂ ಗೊತ್ತು. ನಿಯಮವೇ ಇಲ್ಲದ ಕಡೆ ಮೂರೂವರೆ ವರ್ಷ ಇದ್ದವನು ನಾನು.” ಕಾಗದ ಅವಳ ಕಡೆ ತಿರುಗಿಸಿದ. “ಅವಳು ಒಪ್ಪಿದ್ದಾಳೆ, ಒತ್ತಲು ನಿರಾಕರಿಸಿದ್ದಾಳೆ. ಅನುವಾದ ಸರಿಯಿದೆ ಎಂದು ನೀವು ರುಜು ಹಾಕಿ. ಸಾಕು.”

“ಹಾಕುವುದಿಲ್ಲ.”

“ಮಿಸ್ ಲುಯಿ.”

“ನಾನು ಲುಯಿ ಅಲ್ಲ. ಶೆಕ್. ಇವಳು ನನ್ನ ತಾಯಿ. ಅರ್ಜಿಯಲ್ಲಿ ಇಲ್ಲ ಎಂದು ಬರೆದಿದ್ದೆ.”

ಯಿಪ್ ಬಾಯಲ್ಲಿ ಲೊಚಗುಟ್ಟಿದ. “ನಂಗೆ ಮೊದ್ಲಿಂದ್ಲೂ ವಾಸ್ನೆ ಬರ್ತಿತ್ತು,” ಎಂದ. ಅವಳಿಗೆ ಕೇಳಲಿ ಎಂದೇ ಹೇಳಿದ್ದ.

ಅವಳು ಕೂತು ಬೂಟಿನ ದಾರ ಬಿಚ್ಚಿದಳು. ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಆ ಕಾಲುಗಳನ್ನು ಇನ್ನೂ ಒಂದು ಗಳಿಗೆ ಅದರೊಳಗೆ ಇಟ್ಟುಕೊಂಡಿರಲು ಆಗಲಿಲ್ಲ, ಅಷ್ಟೇ.

ಯಿಪ್ ಪೊಲೀಸರನ್ನು ಕರೆತರಲು ಜವಾನನನ್ನು ಕಳಿಸಿದ. ಆ ಹೊತ್ತಿನಲ್ಲಿ ಫಾಂಗ್-ತಾಯ್ ಬೆಂಚಿನಿಂದ ಎದ್ದಳು. ಮಗುವನ್ನು ತಿರುಗಿಸಿ ಬೆನ್ನಿನ ಗಂಟು ಬಿಚ್ಚಿದಳು. ಇನ್ನೂ ಈಜು ಬಾರದ ಮಗು. ಬೆಂಡನ್ನು ತಂದು ಪ್ರೆಂಟಿಸ್‌ನ ಕಾಗದದ ಮೇಲೆ ಇಟ್ಟಳು.

“ಇದ್ನ ಬರ್ಕೊಳ್ಳಿ,” ಎಂದಳು. “ಹುಟ್ಟಿದ್ ತಿಂಗಳು ಇದ್ರಲ್ಲಿದೆ. ಅಜ್ಜಿ ಹೆರಿಗೆ ಮಾಡ್ಸಿಲ್ಲ. ನಾನೇ ಹೆತ್ಕೊಂಡೆ. ನನ್ನೂ ಕರ್ಕೊಂಡ್ ಹೋಗಿ.”

ಹಿಂದಿನಿಂದ ಲೈ ಮನೆಯವಳು ಬಂದಳು. ಆಮೇಲೆ ಮತ್ತೊಬ್ಬಳು. ಮರದ ಮೇಲೆ ಮರ ಬೀಳುವ ಸದ್ದು. ಇಪ್ಪತ್ತೆರಡು ಬೆಂಡು. ಮಸಿಯ ದಿಂಬು ಮುಚ್ಚಿಹೋಯಿತು, ಪಟ್ಟಿ ಮುಚ್ಚಿಹೋಯಿತು. ಒಂದು ಉರುಳಿ ಯಿಪ್‌ನ ಕಾಲ ಬಳಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ, ಒದೆಯಲೂ ಇಲ್ಲ. ಪ್ರೆಂಟಿಸ್ ಒಂದನ್ನು ಕೈಗೆತ್ತಿಕೊಂಡು ಗೀರುಗಳನ್ನು ನೋಡಿದ. ತಿರುಗಿಸಿ ನೋಡಿದ. ಓದಲು ಬರಲಿಲ್ಲ. ಓದಿ ಹೇಳಬಲ್ಲವಳು ಬೂಟನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ನಡೆದಿದ್ದಳು.

ಹೊರಗೆ ಕಲ್ಲಿನ ಮೆಟ್ಟಿಲು. ಹನ್ನೊಂದರ ಬಿಸಿಲು. ಪೊಲೀಸಿನವನು ಅವ್ವನ ರಟ್ಟೆ ಹಿಡಿದು ಮುಂದೆ ನಡೆಸುತ್ತಿದ್ದ. ಅವ್ವ ಸಲೀಸಾಗಿ ಇಳಿದಳು. ಹೋಯ್-ಯಿನ್ ಎರಡನೇ ಮೆಟ್ಟಿಲಿಗೇ ಅಂಗಾಲು ಸುಟ್ಟು ಕುಂಟತೊಡಗಿದಳು. ಹಿಮ್ಮಡಿ ಬಿಟ್ಟರೆ ಉಳಿದ ಚರ್ಮವೆಲ್ಲ ಬೂಟಿನೊಳಗೆ ಮೆತ್ತಗಾಗಿತ್ತು. ಓಡಿ ಹೋಗಿ ಪಕ್ಕಕ್ಕೆ ಸೇರಿದಳು.

“ಅವ್ವಾ.”

“ಹೂಂ.”

“ಆ ಗೆಜೆಟ್ಟು... ದೇವ್ರ ಗೂಡಿನ ಹತ್ರ ಇರೋದು. ಕಿತ್ತಾಕ್ತೀನಿ.”

“ಯಾಕೆ? ಇರ್ಲಿ ಬಿಡು. ಕೆಲ್ಸ ಹೋದ್ರೂ ನಿನ್ ಹೆಸ್ರಿದೆಯಲ್ಲ ಅದ್ರಲ್ಲಿ.”

“ಅದು ನನ್ ಹೆಸ್ರಲ್ಲ ಅವ್ವ. ಟೀಚರಮ್ಮನ ಮನೆತನದ ಹೆಸ್ರು. ನಾನ್ ನಮ್ ಹೆಸ್ರು ಬರೀಲಿಲ್ಲ. ನೀನು ಚುಕ್ಕೆ ಇಟ್ಟಿದ್ದು ಲುಯಿ ಅನ್ನೋ ಹೆಸ್ರಿಗೆ.” ಅವಳಿಗೆ ಉಸಿರು ಸಾಲಲಿಲ್ಲ. “ಈ ಕಟ್ಟಳೇನೂ ಅದೇ ಹಾಳೆಯ ಕೆಳಗಡೆನೇ ಇತ್ತು. ನಾನ್ ಓದಿದ್ದೆ. ನಿಂಗ್ ಹೇಳ್ಲಿಲ್ಲ.”

ಅವ್ವ ನಿಂತಳು. ಪೊಲೀಸಿನವನೂ ನಿಂತ. ಅವಳು ಮಗಳ ಮುಖವನ್ನು ನೋಡಲಿಲ್ಲ. ಕೊಲ್ಲಿಯ ಕಡೆ, ಸಾಲಿನ ಕೊನೆಯ ದೋಣಿಯ ಕಡೆ ನೋಡಿದಳು. ಆರು ತಿಂಗಳು ದಿನಾ ಬೆಳಗ್ಗೆ ಊದುಬತ್ತಿ ಹಚ್ಚಿ ಆ ಚುಕ್ಕೆಯನ್ನು ಮುಟ್ಟಿದ್ದಳು. ಮಸಿ ಹತ್ತಿದ ಹೆಬ್ಬೆರಳು ಇನ್ನೂ ಮುಷ್ಟಿಯೊಳಗೇ ಇತ್ತು.

ಹೋಯ್-ಯಿನ್ ಕಾದಳು. ಬೈಯಲಿ, ಉಗಿಯಲಿ, ಹೊಡೆಯಲಿ ಎಂದು ಕಾದಳು. ಕಾಲು ಸುಡುತ್ತಿತ್ತು. ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಟ್ಟಳು.

ಅವ್ವ ಕಣ್ಣು ಕೆಳಗಿಳಿಸಿ ಆ ಕಾಲುಗಳನ್ನು ನೋಡಿದಳು.

“ಬೂಟ್ ಹಾಕ್ಕೋ,” ಎಂದಳು. “ನೆಲ ಕಾದಿದೆ. ನಿನ್ ಕಾಲು ಈಗ ತಡ್ಯಲ್ಲ.”